'ಡೈಡ್-ಇನ್-ದ-ವುಲ್' ಅಂದರೆ ಏನು? ಮನುಷ್ಯನಿಗೂ ಉಣ್ಣೆಗೂ ಏನು ಸಂಬಂಧ?

ಇಂಗ್ಲಿಷ್ ಪೇಪರಿನಲ್ಲಿ ಒಬ್ಬ ಹಿರಿಯ ರಾಜಕಾರಣಿಯನ್ನು 'ಡೈಡ್-ಇನ್-ದ-ವುಲ್ ಸೋಷಿಯಲಿಸ್ಟ್' ಅಂತ ಬರೆದಿದ್ದಾರೆ, ಇಲ್ಲಿ ಉಣ್ಣೆ ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ಮೊದಲು ಸ್ಪೆಲ್ಲಿಂಗ್ ನೋಡಿ. ಇದು ಸಾಯುವ ಡೈ ಅಲ್ಲ, ಬಣ್ಣ ಹಾಕುವ ಡೈ. ಡಿ, ವೈ, ಇ, ಡಿ. ತುಂಬಾ ಜನ ಇಲ್ಲೇ ಎಡವುತ್ತಾರೆ.

ನಾನು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನವನು, ಮನೆಯಲ್ಲಿ ಮಗ್ಗ ಇತ್ತು, ಹಾಗಾಗಿ ಈ ಪದದ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಬಟ್ಟೆಗೆ ಬಣ್ಣವನ್ನು ನೇಯ್ದ ಮೇಲೂ ಹಾಕಬಹುದು, ನೂಲಿಗೂ ಹಾಕಬಹುದು, ನೂಲುವುದಕ್ಕೂ ಮುಂಚೆ ಉಣ್ಣೆಗೇ ಹಾಕಬಹುದು. ಉಣ್ಣೆಗೇ ಹಾಕಿದರೆ ಒಂದೊಂದು ಎಳೆಯೂ ಬಣ್ಣ ಕುಡಿಯುತ್ತದೆ, ಆಮೇಲೆ ಅದು ಸುಲಭಕ್ಕೆ ಹೋಗುವುದಿಲ್ಲ. ಈ ಪದ ಹುಟ್ಟಿದ್ದು ಅಲ್ಲಿಂದ.

ಇಳಕಲ್ ಸೀರೆಗೆ ನಾವು ನೂಲಿಗೆ ಬಣ್ಣ ಹಾಕುತ್ತೇವೆ. ಲಡಿಯನ್ನು ಕೋಲಿಗೆ ಹಾಕಿ, ಬಿಸಿ ಬಣ್ಣದ ನೀರಿನಲ್ಲಿ ತಿರುವಿ ತಿರುವಿ ಅದ್ದಿ, ಹಿಂಡಿ ಒಣಗಿಸಿದ ಮೇಲೇ ಅದು ಹಾಸಾಗಿ, ಹೊಕ್ಕಾಗಿ ಮಗ್ಗಕ್ಕೆ ಬರುವುದು. ನಮ್ಮ ಅವ್ವನ ಹಳೇ ಸೀರೆಯ ಹರಿದ ಅಂಚಿನಿಂದ ಒಂದು ಎಳೆ ಕಿತ್ತು ಹುರಿ ಬಿಚ್ಚಿ ನೋಡಿದ್ದೆ, ಒಳಗೂ ಅದೇ ಕೆಂಪು. ಪ್ರಿಂಟ್ ಹಾಕಿದ ಅಗ್ಗದ ಸೀರೆಯನ್ನು ತಿರುಗಿಸಿ ನೋಡಿ, ಹಿಂಬದಿ ಬಿಳಚಿಕೊಂಡಿರುತ್ತದೆ.

ಹಾಗೆ ಒಂದು ವಿಚಾರ ಅಥವಾ ಪಕ್ಷ ಬಹಳ ಹಿಂದೆಯೇ ಒಳಗಿಳಿದು, ಇನ್ನು ಬದಲಾಗದ ಮನುಷ್ಯನಿಗೆ ಈ ಪದ. ಕನ್ನಡದಲ್ಲಿ 'ಕಟ್ಟಾ' ಅನ್ನುತ್ತೇವಲ್ಲ, ಅದೇ ಹತ್ತಿರದ್ದು. 'ಹುಟ್ಟುಗುಣ' ಅಂತ ಅನುವಾದಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಕುರುಬರು ನೇಯುವ ಕರಿ ಕಂಬಳಿ ನೋಡಿದ್ದೀರಲ್ವಾ? ಅದು ಕರಿ ಕುರಿಯ ಉಣ್ಣೆ, ಬಣ್ಣವೇ ಹಾಕಿಲ್ಲ, ಕುರಿಯ ಮೈಮೇಲೇ ಕಪ್ಪು. ಹುಟ್ಟುಗುಣ ಅಂದರೆ ಅದು. ಡೈಡ್-ಇನ್-ದ-ವುಲ್‌ನಲ್ಲಿ ಬಣ್ಣವನ್ನು ಯಾರೋ ಹಾಕಿದ್ದಾರೆ, ಆದರೆ ಬಟ್ಟೆಯಾಗುವ ಮೊದಲೇ ಹಾಕಿದ್ದಾರೆ. ಮನೆಯೋ ಊರೋ ಚಳವಳಿಯೋ, ಯಾವುದೋ ಒಂದು.

ಬಳಸುವಾಗ ಇದನ್ನು ಸಾಮಾನ್ಯವಾಗಿ ಹೆಸರುಪದಕ್ಕಿಂತ ಮೊದಲು, ನಡುವೆ ಗೀಟು ಹಾಕಿ ಬರೆಯುತ್ತಾರೆ. ಹೋದ ವರ್ಷ ಪಕ್ಷ ಬದಲಿಸಿದವರಿಗೆ ಸುಮ್ನೆ ಇದನ್ನು ಹಚ್ಚಬೇಡಿ, ಹೊಂದುವುದಿಲ್ಲ. 'ಅಪ್ಪಟ ತುಪ್ಪ' ಅಂತ ಹೇಳುವ ಕಡೆಯೂ ಇದು ಬರುವುದಿಲ್ಲ, ಇದು ನಂಬಿಕೆಗೆ, ಅಭ್ಯಾಸಕ್ಕೆ ಸೇರಿದ ಮಾತು. ಹೊಗಳಿಕೆಯೂ ಆಗಬಹುದು, ತೆಗಳಿಕೆಯೂ ಆಗಬಹುದು, ಹಿಂದೆ ಮುಂದೆ ಓದಿಯೇ ತಿಳಿಯಬೇಕು.

ನಿಮ್ಮ ಪೇಪರಿನ ಸಾಲನ್ನು ನಾನಾದರೆ 'ಅವರು ಎಳವೆಯಿಂದಲೂ ಕಟ್ಟಾ ಸಮಾಜವಾದಿ' ಅಂತ ಬರೆಯುತ್ತೇನೆ.