ಕಾನೂನು ಪ್ರಶ್ನೋತ್ತರ: ಮಾಡಿನ ರಿಪೇರಿಗೆ ಇಷ್ಟು ದುಡ್ಡಾ?

ಪ್ರಶ್ನೆ: ಸರ್, ಮಗಳು ಅಳಿಯ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಫ್ಲ್ಯಾಟ್ ತಗೊಂಡಿದ್ದಾರೆ, ಸ್ವಂತದ್ದು ಅಂತ ನಾವು ಅಂದ್ಕೊಂಡಿದ್ವಿ, ಈಗ ನೋಡಿದ್ರೆ ಅದು 125 ವರ್ಷದ ಲೀಸ್ ಅಂತೆ. ಹೋದ ತಿಂಗಳು ಬಿಲ್ಡಿಂಗ್ ನೋಡ್ಕೊಳ್ಳುವ ಮ್ಯಾನೇಜಿಂಗ್ ಏಜೆಂಟರ ಬಿಲ್ಲು ಬಂತು, ಮಾಡಿನ ರಿಪೇರಿ, ಹೊರಗಿನ ಪೈಂಟ್ ಎಲ್ಲ ಸೇರಿ ಇವರ ಪಾಲಿಗೆ 6,840 ಪೌಂಡ್. ಮೊದ್ಲೊಂದು ನೋಟಿಸ್ ಬಂದದ್ದು ಮಗಳಿಗೆ ನೆನಪುಂಟು, ಆದ್ರೆ ಕೊಟೇಶನ್ ಯಾವುದೂ ನೋಡಿಲ್ಲ ಅಂತಾಳೆ. ಕಟ್ಟದಿದ್ರೆ ಲೀಸ್ ರದ್ದು ಮಾಡ್ತೇವೆ ಅಂತ ಇನ್ನೊಂದು ಕಾಗದ ಬಂದಿದೆ. ಬಿಲ್ಡಿಂಗಿನ ಬೇರೆಯವ್ರು ಎಲ್ರೂ ಸೇರಿ ಸರ್ವಿಸ್ ಚಾರ್ಜೇ ನಿಲ್ಲಿಸುವ ಅಂತಿದ್ದಾರಂತೆ. ಅಡಿಕೆ ಮಾರಿದ ದುಡ್ಡು ಉಂಟು, ಕಳಿಸ್ಲಿಕ್ಕೆ ನಾನು ರೆಡಿ, ಆದ್ರೆ ಇದು ಕೊಡ್ಲೇಬೇಕಾದ ದುಡ್ಡಾ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ದುಡ್ಡು ಈಗ್ಲೇ ಕಳಿಸ್ಬೇಡಿ. ಹಾಗಂತ ಸರ್ವಿಸ್ ಚಾರ್ಜ್ ಪೂರ್ತಿ ನಿಲ್ಲಿಸ್ಲಿಕ್ಕೂ ಮಗಳಿಗೆ ಹೇಳ್ಬೇಡಿ, ಅದು ಇನ್ನೂ ದೊಡ್ಡ ತಪ್ಪಾಗ್ತದೆ.

ಮೊದ್ಲು ಈ ಲೀಸ್ ಎಂತದು ಅಂತ ಹೇಳ್ತೇನೆ. ನಮ್ಮ ಕಡೆ ಹಿಂದೆ ಮೂಲಗೇಣಿ ಇತ್ತಲ್ಲ, ಭೂಮಿ ಧಣಿಗಳದ್ದು, ಅನುಭವ ಒಕ್ಕಲಿನದ್ದು, ತಲೆಮಾರಿನಿಂದ ತಲೆಮಾರಿಗೆ. ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆಯಲ್ಲಿ ಗೇಣಿ ಪದ್ಧತಿ ಹೋಯ್ತು. ಇಂಗ್ಲೆಂಡಿನ ಫ್ಲ್ಯಾಟುಗಳಲ್ಲಿ ಹೆಚ್ಚುಕಡಿಮೆ ಅಂಥದ್ದೇ ಒಂದು ವ್ಯವಸ್ಥೆ ಈಗ್ಲೂ ನಡೀತಾ ಉಂಟು, ಅವಧಿ ಮಾತ್ರ ಬರೆದಿರ್ತಾರೆ. ಬಿಲ್ಡಿಂಗಿನ ಮಾಡು, ಹೊರಗೋಡೆ, ಮೆಟ್ಲು ಎಲ್ಲ ಸಾಮಾನ್ಯವಾಗಿ ಫ್ರೀಹೋಲ್ಡರ್, ಅಂದ್ರೆ ಬಿಲ್ಡಿಂಗಿನ ಮೂಲ ಮಾಲಿಕರ ಕೈಲಿ, ರಿಪೇರಿ ಮಾಡಿಸೋದು ಅವ್ರು, ಖರ್ಚು ಹಂಚಿಕೊಳ್ಳೋದು ಫ್ಲ್ಯಾಟಿನವ್ರು, ಅದೇ ಸರ್ವಿಸ್ ಚಾರ್ಜ್. ಕೆಲಸ ಯಾರಿಗೆ ಕೊಡ್ಬೇಕು ಅಂತ ತೀರ್ಮಾನ ಮಾಡುವವನ ಕಿಸೆಯಿಂದ ಒಂದು ಪೈಸೆ ಹೋಗೋದಿಲ್ಲ, ಜಗಳದ ಬೇರೇ ಅಲ್ಲಿರೋದು.

ಅದಕ್ಕಾಗಿಯೇ ಅಲ್ಲಿ 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಆ್ಯಕ್ಟ್ ಅಂತ ಒಂದು ಕಾನೂನು ಉಂಟು. ಅದರ 19ನೇ ಸೆಕ್ಷನ್ ಪ್ರಕಾರ ಖರ್ಚು ನ್ಯಾಯವಾಗಿರ್ಬೇಕು, ಮಾಡಿದ ಕೆಲಸವೂ ಒಂದು ಮಟ್ಟಕ್ಕೆ ಸರಿಯಿರ್ಬೇಕು, ಇಲ್ದಿದ್ರೆ ಅಷ್ಟರ ಮಟ್ಟಿಗೆ ವಸೂಲಿ ಮಾಡ್ಲಿಕ್ಕಿಲ್ಲ. ಇನ್ನು 20ನೇ ಸೆಕ್ಷನ್, ನಿಮ್ಮ ಮಗಳಿಗೆ ಮುಖ್ಯ ಇದೇ. ಯಾವುದೇ ಒಂದು ಫ್ಲ್ಯಾಟಿನ ಪಾಲಿಗೆ 250 ಪೌಂಡಿಗಿಂತ ಜಾಸ್ತಿ ಬೀಳುವ ರಿಪೇರಿ ಆದ್ರೆ ಮೊದ್ಲೇ ಎಲ್ಲರ ಅಭಿಪ್ರಾಯ ಕೇಳ್ಬೇಕು. ಇಂಥ ಕೆಲಸ ಮಾಡಿಸ್ತೇವೆ ಅಂತ ಒಂದು ನೋಟಿಸ್ ಕೊಟ್ಟು 30 ದಿನ ಟೈಮ್ ಕೊಡ್ಬೇಕು, ಆಗ ನಿಮಗೆ ಗೊತ್ತಿರುವ ಕಾಂಟ್ರಾಕ್ಟರ್ ಹೆಸರನ್ನೂ ಹೇಳ್ಬಹುದು. ಆಮೇಲೆ ಕಡಿಮೆ ಅಂದ್ರೂ ಎರಡು ಎಸ್ಟಿಮೇಟ್ ತೋರಿಸ್ಬೇಕು, ಅದರಲ್ಲಿ ಒಂದಾದ್ರೂ ಫ್ರೀಹೋಲ್ಡರಿಗೆ ಸಂಬಂಧ ಇಲ್ಲದವರದ್ದಾಗಿರ್ಬೇಕು, ಮತ್ತೆ 30 ದಿನ. ಇದು ತಪ್ಪಿದ್ರೆ ಒಬ್ಬೊಬ್ರಿಂದ 250 ಪೌಂಡ್ ಮಾತ್ರ ತಗೊಳ್ಬಹುದು. ಮಗಳು ಹೇಳಿದ ಹಾಗೆ ಮೊದಲ ನೋಟಿಸ್ ಬಂದು ಎಸ್ಟಿಮೇಟ್ ಬರದೇ ಇದ್ದಿದ್ರೆ ನಿಮ್ಮ ಕೈಲಿ ಒಂದು ದೊಡ್ಡ ಪಾಯಿಂಟ್ ಉಂಟು. ಹಳೇ ಇಮೇಲ್ ಎಲ್ಲ, ಸ್ಪ್ಯಾಮ್ ಸೇರಿ, ಸರಿಯಾಗಿ ಹುಡುಕ್ಲಿ, ಬಂದದ್ದನ್ನ ಬರ್ಲಿಲ್ಲ ಅಂತ ಬರೆದ್ರೆ ಕೇಸೇ ಹಾಳು.

ಆದ್ರೆ ಈ 250ರ ಮೇಲೆ ಪೂರ್ತಿ ಭಾರ ಹಾಕ್ಬೇಡಿ. ನೋಟಿಸಿನಲ್ಲಿ ಲೋಪ ಆಗಿದ್ರೂ ವಿನಾಯಿತಿ ಕೊಡಿ ಅಂತ ಫ್ರೀಹೋಲ್ಡರ್ ಟ್ರಿಬ್ಯೂನಲಿಗೆ, ಅಂದ್ರೆ ಇಂಥ ತಕರಾರು ತೀರ್ಮಾನ ಮಾಡುವ ನ್ಯಾಯಮಂಡಳಿಗೆ ಹೋಗ್ಬಹುದು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಡೇಜಾನ್ ವರ್ಸಸ್ ಬೆನ್ಸನ್ ಅಂತ ಕೇಸು ಬಂತು, ಲಂಡನ್ನಿನ ಐದು ಫ್ಲ್ಯಾಟಿನವ್ರ ಕೇಸು, ಕೆಳಗಿನ ಕೋರ್ಟಿನ ತೀರ್ಪು ನಿಂತಿದ್ರೆ ತಲಾ 250ರ ಲೆಕ್ಕದಲ್ಲಿ ಎಲ್ಲ ಸೇರಿ 1,250 ಪೌಂಡಿಗೆ ಮುಗೀತಿತ್ತು. ಸುಪ್ರೀಂ ಕೋರ್ಟ್ ಕೇಳಿದ್ದು, ಈ ಲೋಪದಿಂದ ಫ್ಲ್ಯಾಟಿನವ್ರಿಗೆ ನಿಜವಾಗಿ ಎಂತ ನಷ್ಟ ಆಯ್ತು ಅಂತ. ಕೊನೆಗೆ ಫ್ರೀಹೋಲ್ಡರ್ ಬಿಲ್ಲಲ್ಲಿ 50,000 ಪೌಂಡ್ ಬಿಟ್ಟುಕೊಟ್ಟು, ಫ್ಲ್ಯಾಟಿನವ್ರ ವಕೀಲರ ನ್ಯಾಯವಾದ ಖರ್ಚನ್ನೂ ಕೊಡುವ ಶರತ್ತಿನ ಮೇಲೆ ವಿನಾಯಿತಿ ಸಿಕ್ಕಿತು, ಬಾಕಿ ಬಿಲ್ಲು ಉಳೀತು. ಹಾಗಾಗಿ ಕೊಟೇಶನ್ ತೋರಿಸಿದ್ರೆ ನಾವು ಎಂತ ಹೇಳ್ತಿದ್ವಿ, ಯಾವುದು ಕಡಿಮೆಗೆ ಆಗ್ತಿತ್ತು ಅಂತ ಕಾಗದದಲ್ಲಿ ತೋರಿಸುವ ತಯಾರಿ ಬೇಕೇ ಬೇಕು.

ಅದಕ್ಕೇ ಮೊದ್ಲು ವೋಚರ್, ಅಂದ್ರೆ ಖರ್ಚಿನ ಬಿಲ್ಲು, ರಶೀದಿ ಕೇಳ್ಬೇಕು. 21ನೇ ಸೆಕ್ಷನ್ ಅಡಿ ಖರ್ಚಿನ ಲೆಕ್ಕದ ಸಾರಾಂಶ ಕೇಳಿ ಬರೀಲಿ, ಅದು ಬಂದ ಮೇಲೆ 6 ತಿಂಗಳೊಳಗೆ 22ನೇ ಸೆಕ್ಷನ್ ಅಡಿ ಬಿಲ್ಲು, ರಶೀದಿ ಎಲ್ಲ ಕಣ್ಣಾರೆ ನೋಡುವ ಹಕ್ಕು ಉಂಟು, ಸರಿಯಾದ ಕಾರಣ ಇಲ್ಲದೆ ತೋರಿಸದಿದ್ರೆ ಅಲ್ಲಿ ಅದು ಅಪರಾಧ. ಕಾಗದ ಕೈಗೆ ಬಂದಾಗ ಮೊದ್ಲು ಸ್ಕ್ಯಾಫೋಲ್ಡಿಂಗ್, ಅಂದ್ರೆ ಕೆಲಸದವ್ರು ಹತ್ಲಿಕ್ಕೆ ಕಟ್ಟುವ ಕಂಬಿಯ ಅಟ್ಟಳಿಗೆಯ ಖರ್ಚು ನೋಡ್ಲಿ. ಅದರ ಬಾಡಿಗೆ ವಾರದ ಲೆಕ್ಕದಲ್ಲಿ ಏರ್ತಾ ಹೋಗ್ತದೆ, ಕಂಬಿ ಕಟ್ಟಿ ತಿಂಗಳುಗಟ್ಲೆ ಒಬ್ಬ ಕೆಲಸದವನೂ ಹತ್ತದೆ ನಿಂತಿದ್ರೆ ಆ ವಾರಗಳ ಬಾಡಿಗೆ ನಾವ್ಯಾಕೆ ಕೊಡ್ಬೇಕು ಅಂತ ಕೇಳ್ಬಹುದು, ಮಗಳ ಮೊಬೈಲಿನಲ್ಲಿ ತಾರೀಕು ಸಮೇತ ಫೋಟೋ ಇದ್ರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಗಾಳಿಗೆ ಹೆಂಚು ಹಾರಿದ ರಿಪೇರಿ ಆದ್ರೆ ಇನ್ಶೂರೆನ್ಸ್ ಕ್ಲೇಮ್ ಯಾಕೆ ಮಾಡ್ಲಿಲ್ಲ? ನಾಲ್ಕು ಕಡೆ ಸೋರೋದಕ್ಕೆ ಪೂರ್ತಿ ಮಾಡು ಬಿಚ್ಚಿ ಹೊಸದು ಹಾಕಿದ್ರಾ, ಹಾಗಾದ್ರೆ ಲೀಸಿನಲ್ಲಿ ರಿಪೇರಿ ಅಂತ ಮಾತ್ರ ಉಂಟಾ, ಹೊಸತಾಗಿ ಸುಧಾರಣೆ ಮಾಡಿಸಿದ ಖರ್ಚೂ ಹಾಕ್ಬಹುದು ಅಂತ ಉಂಟಾ? ವರ್ಷಗಟ್ಲೆ ಸೋರ್ತದೆ ಅಂತ ಕಂಪ್ಲೇಂಟ್ ಕೊಟ್ರೂ ಸುಮ್ಮನಿದ್ದು ಮರ ಕೊಳೆತ ಮೇಲೆ ಮಾಡಿಸಿದ್ರೆ, ಆ ಉದಾಸೀನದಿಂದ ಜಾಸ್ತಿಯಾದ ಖರ್ಚು ನಮ್ಮ ಮೇಲೆ ಹಾಕ್ಬೇಡಿ ಅಂತ ವಾದ ಮಾಡ್ಲಿಕ್ಕೆ ದಾರಿ ಉಂಟು. ಖರ್ಚಾಗಿ 18 ತಿಂಗಳು ಕಳೆದ ಮೇಲೆ ಬಿಲ್ಲು ಕಳಿಸಿದ್ರೆ, ಮಧ್ಯೆ ಇಷ್ಟು ಖರ್ಚಾಗಿದೆ, ನಿಮ್ಮ ಪಾಲು ಕೊಡ್ಬೇಕಾಗ್ತದೆ ಅಂತ ಬರೆದು ತಿಳಿಸದೇ ಇದ್ರೆ, ಆ ಭಾಗ ಕೊಡ್ಬೇಕಾಗಿಯೇ ಇಲ್ಲ, ಅದಕ್ಕೆ ತಾರೀಕು ಒಂದೊಂದೂ ಬರೆದಿಟ್ಕೊಳ್ಳಿ. ಬಿಲ್ಲಿನ ಜೊತೆ ಲೀಸ್‌ದಾರರ ಹಕ್ಕುಗಳ ಸಾರಾಂಶ ಲಗತ್ತಿಸಿರ್ಬೇಕು, ಅದು ಇಲ್ಲದಿದ್ರೆ ಬರುವ ತನಕ ತಡೆಹಿಡೀಬಹುದು.

ಲೀಸ್ ರದ್ದಿನ ಬೆದರಿಕೆಗೆ ಹೆದರಿ ಎಷ್ಟೋ ಜನ ಸಾಲ ಮಾಡಿ ಕಟ್ಟಿಬಿಡ್ತಾರೆ, ಅದು ನಂಗೆ ತುಂಬ ಸಂಕಟ ಆಗುವ ವಿಷಯ. ಒಂದು ಕಾಗದ ಬರೆದ ಮಾತ್ರಕ್ಕೆ ಲೀಸ್ ರದ್ದಾಗೋದಿಲ್ಲ. ಸರ್ವಿಸ್ ಚಾರ್ಜ್ ಬಾಕಿಗೆ ರದ್ದು ಮಾಡ್ಬೇಕಿದ್ರೆ ಆ ದುಡ್ಡು ಕೊಡ್ಬೇಕಾದ್ದೇ ಅಂತ ಮೊದ್ಲು ಟ್ರಿಬ್ಯೂನಲ್ ಅಥವಾ ಕೋರ್ಟ್ ಹೇಳ್ಬೇಕು, ಇಲ್ಲಾ ನೀವೇ ಒಪ್ಪಿರ್ಬೇಕು. ಹಾಗಾಗಿ ಮಗಳು ಬರೆಯುವ ಕಾಗದದಲ್ಲಿ ಬಾಕಿ ಉಂಟು, ನಿಧಾನಕ್ಕೆ ಕಟ್ತೇವೆ ಅನ್ನುವಂಥ ಮಾತು ಬರ್ಲೇಬಾರ್ದು. ಕ್ಲೀನಿಂಗ್, ಲೈಟು, ಇನ್ಶೂರೆನ್ಸಿನ ಮಾಮೂಲಿ ಭಾಗ ಕಟ್ತಾ ಇರ್ಲಿ, ರಿಪೇರಿಯಲ್ಲಿ ತಕರಾರು ಇಲ್ಲದ್ದನ್ನೂ ಕಟ್ಲಿ, ಉಳಿದದ್ದಕ್ಕೆ ಕಾರಣ ಸಮೇತ ತಕರಾರು ಬರೀಲಿ. ಫ್ಲ್ಯಾಟಿಗೆ ಬ್ಯಾಂಕ್ ಸಾಲ ಇದ್ರೆ ಬ್ಯಾಂಕಿಗೂ ಈಗ್ಲೇ ತಿಳಿಸ್ಲಿ, ಯಾಕಂದ್ರೆ ಏಜೆಂಟರು ನೇರ ಬ್ಯಾಂಕಿಗೆ ಬರೆದು, ಬ್ಯಾಂಕು ದುಡ್ಡು ಕೊಟ್ಟು ಸಾಲಕ್ಕೆ ಸೇರಿಸುವುದುಂಟು.

ಸರಿಯಾಗದಿದ್ರೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನ ಪ್ರಾಪರ್ಟಿ ಚೇಂಬರ್‌ಗೆ ಅದೇ 1985ರ ಕಾನೂನಿನ 27ಎ ಸೆಕ್ಷನ್ ಅಡಿ, ಈ ದುಡ್ಡು ಕೊಡ್ಬೇಕಾದ್ದಾ ಅಂತ ತೀರ್ಮಾನಿಸ್ಲಿಕ್ಕೆ ಅರ್ಜಿ. ವಕೀಲ್ರು ಬೇಕೇಬೇಕು ಅಂತಿಲ್ಲ, ದುಡ್ಡು ಕಟ್ಟಿಯಾದ ಮೇಲೂ ಹೋಗ್ಬಹುದು, ಬರೀ ಕಟ್ಟಿದ ಮಾತ್ರಕ್ಕೆ ಒಪ್ಪಿದ ಹಾಗೆ ಆಗೋದಿಲ್ಲ. ಅರ್ಜಿ ಜೊತೆಗೇ 20ಸಿ ಆದೇಶವನ್ನೂ ಕೇಳ್ಲಿ, ಇಲ್ಲದಿದ್ರೆ ಗೆದ್ದರೂ ಅವರ ವಕೀಲರ ಫೀಸು ಮುಂದಿನ ವರ್ಷದ ಸರ್ವಿಸ್ ಚಾರ್ಜಿನಲ್ಲಿ ಬಂದು ಕೂರಬಹುದು. ಬಿಲ್ಡಿಂಗಿನವ್ರು ಒಟ್ಟಾಗಿ ದುಡ್ಡು ನಿಲ್ಲಿಸುವ ಬದ್ಲು ಒಟ್ಟಾಗಿ ಅರ್ಜಿ ಹಾಕ್ಲಿ, ಸ್ವತಂತ್ರ ಸರ್ವೇಯರ್ ಒಬ್ಬರನ್ನ ಕರೆಸಿ ಫೀಸು ಹಂಚಿಕೊಳ್ಳಲಿ. ಅಲ್ಲಿನ ಸರ್ಕಾರದ ದುಡ್ಡಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಉಚಿತವಾಗಿ ಸಲಹೆ ಕೊಡ್ತದೆ, 2024ರಲ್ಲಿ ಹೊಸ ಕಾನೂನು ಪಾಸಾಗಿ ಹಂತಹಂತವಾಗಿ ಜಾರಿ ಮಾಡುವ ವ್ಯವಸ್ಥೆ ಇರೋದ್ರಿಂದ ಅರ್ಜಿ ಹಾಕುವ ಮೊದ್ಲು ಅವರತ್ರ ಕೇಳ್ಲೇಬೇಕು.

ಪ್ರಶ್ನೆ: ಕಾಸರಗೋಡಿನಲ್ಲಿ ಫ್ಲ್ಯಾಟ್ ತಗೊಂಡು ಮೂರು ವರ್ಷ ಆಗಿದೆ, ಈ ಮಳೆಗಾಲ ಟೆರೇಸ್ ಸೋರ್ಲಿಕ್ಕೆ ಶುರು. ಅಸೋಸಿಯೇಷನ್‌ನವ್ರು ಮನೆಗೆ 40,000 ರೂಪಾಯಿ ಕೇಳ್ತಿದ್ದಾರೆ.
- ಓದುಗರು, ಹೊಸಂಗಡಿ

ಉತ್ತರ: ಅಸೋಸಿಯೇಷನಿಗೆ ಕೊಡುವ ಮೊದ್ಲು ಬಿಲ್ಡರಿಗೆ ಬರೀರಿ. 2016ರ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನಿನ 14(3) ಸೆಕ್ಷನ್ ಪ್ರಕಾರ, ಕೀ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತೋರಿಸಿಕೊಟ್ರೆ ಬಿಲ್ಡರ್ 30 ದಿನದೊಳಗೆ ದುಡ್ಡು ತಗೊಳ್ಳದೆ ಸರಿಮಾಡ್ಬೇಕು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಸೋರುವ ಜಾಗದ ಫೋಟೋ ಇಡಿ. ಈಗ ನಿಮ್ಮದೇ ದುಡ್ಡಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿಬಿಟ್ರೆ ದೋಷ ಎಲ್ಲಿತ್ತು ಅಂತ ತೋರಿಸ್ಲಿಕ್ಕೇ ಕಷ್ಟ ಆಗ್ತದೆ, ಅರ್ಜೆಂಟ್ ಆದ್ರೆ ಮೊದ್ಲು ಇಂಜಿನಿಯರ್ ಹತ್ರ ರಿಪೋರ್ಟ್ ಮಾಡಿಸಿ. ಬಿಲ್ಡರ್ ಕೇಳದಿದ್ರೆ ಕೇರಳ ರೇರಾ ಪ್ರಾಧಿಕಾರಕ್ಕೆ ದೂರು, ಇಲ್ಲಾ ಜಿಲ್ಲಾ ಗ್ರಾಹಕ ಆಯೋಗ, ಅಲ್ಲಿಗೆ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗ್ಬೇಕು.

ಪ್ರಶ್ನೆ: ನಮ್ಮ ಫ್ಲ್ಯಾಟಿನ ನೋಟಿಸು, ಲೆಕ್ಕಪತ್ರ ಎಲ್ಲ ಮಲಯಾಳದಲ್ಲೇ ಬರೋದು. ನಂಗೆ ಓದ್ಲಿಕ್ಕೆ ಬರೋದಿಲ್ಲ, ಸೈನ್ ಮಾತ್ರ ಹಾಕಿ ಅಂತಾರೆ.
- ಗೃಹಿಣಿ, ಉಪ್ಪಳ

ಉತ್ತರ: ಓದ್ಲಿಕ್ಕೆ ಬಾರದ ಕಾಗದಕ್ಕೆ ಸೈನ್ ಹಾಕ್ಬೇಡಿ ಅಮ್ಮ, ಯಾರು ಒತ್ತಾಯ ಮಾಡಿದ್ರೂ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಉಂಟು, ಆದ್ರೆ ಫ್ಲ್ಯಾಟಿನ ಅಸೋಸಿಯೇಷನ್ ಸರ್ಕಾರಿ ಕಚೇರಿ ಅಲ್ಲ. ಅಲ್ಲಿ ಜನರಲ್ ಬಾಡಿ ಮೀಟಿಂಗಿನಲ್ಲಿ ಕೇಳಿಯೇ ತಗೊಳ್ಬೇಕು. ನಿಮ್ಮ ಹಾಗೆ ಕನ್ನಡ, ತುಳು ಮನೆಯವ್ರು ಇನ್ನೂ ಇರ್ತಾರಲ್ಲ, ನಾಲ್ಕೈದು ಮನೆಯವ್ರು ಸೈನ್ ಹಾಕಿ ಲೆಕ್ಕದ ಕನ್ನಡ ಪ್ರತಿ ಬೇಕು ಅಂತ ಕಾರ್ಯದರ್ಶಿಗೆ ಬರೆದು ಕೊಡಿ, ಅದರ ಒಂದು ಕಾಪಿಗೆ ಸ್ವೀಕರಿಸಿದ ಸೈನು, ತಾರೀಕು ಹಾಕಿಸಿ ಇಟ್ಕೊಳ್ಳಿ.