ಅಂಕ ಬಂತು, ಹಣ ಯಾಕೆ ಬರಲಿಲ್ಲ?

ಪಿಯುಸಿ ಅಂಕಗಳ ಆಧಾರದ ವಿದ್ಯಾರ್ಥಿವೇತನ ಮತ್ತು ಆನರ್ಸ್ ವರ್ಷದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ದ್ವಿತೀಯ ಪಿಯುಸಿಯಲ್ಲಿ ನನಗೆ ಶೇ. 83 ಬಂದಿದೆ. ಕೇಂದ್ರ ಸರ್ಕಾರದ ಮೆರಿಟ್ ಸ್ಕಾಲರ್‌ಶಿಪ್‌ಗೆ 80 ಇದ್ದರೆ ಸಾಕು ಎನ್ನುತ್ತಾರೆ. ಅರ್ಜಿ ಹಾಕಿದರೆ ಸಿಗುವುದು ಖಾತ್ರಿಯೇ?
– ಬಿ.ಕಾಂ. ವಿದ್ಯಾರ್ಥಿನಿ, ಹಾವೇರಿ

ಖಾತ್ರಿಯಿಲ್ಲ. ಆ 80 ಶೇಕಡಾ ಅಂಕವಲ್ಲ, ಪರ್ಸೆಂಟೈಲ್. ನಿಮ್ಮ ಮಂಡಳಿಯಲ್ಲಿ, ನಿಮ್ಮದೇ ವಿಭಾಗದಲ್ಲಿ ಪಾಸಾದ ನೂರು ಮಂದಿಯಲ್ಲಿ ಎಂಬತ್ತು ಮಂದಿಗಿಂತ ನೀವು ಮುಂದಿರಬೇಕು. ಫಲಿತಾಂಶ ಚೆನ್ನಾಗಿ ಬಂದ ವರ್ಷ 83 ಸಾಲದೆ ಹೋಗಬಹುದು, ಬಿಗಿಯಾದ ವರ್ಷ ಸಾಕಾಗಲೂಬಹುದು. ಅದನ್ನು ದಾಟಿದ ಮೇಲೂ ಸ್ಪರ್ಧೆಯಿದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಅರ್ಧ ಹುಡುಗಿಯರಿಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರಂತೆ ಹಂಚುತ್ತಾರೆ. ಹಾಗಾಗಿ ವಿಜ್ಞಾನದ ಗೆಳತಿಯ ಅಂಕದೊಂದಿಗೆ ನಿಮ್ಮದನ್ನು ಹೋಲಿಸಿ ಕೊರಗಬೇಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಬಿ.ಇ. ಓದುವವರಿಗೆ ನಾಲ್ಕನೇ ವರ್ಷ 20,000. ದೂರಶಿಕ್ಷಣಕ್ಕೂ ಡಿಪ್ಲೊಮಾಗೂ ಇದು ಅನ್ವಯಿಸದು. ಪ್ರತಿ ವರ್ಷ ನವೀಕರಿಸಿಕೊಳ್ಳಲು ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಅಂಕ ತಂದೂ ಹಾಜರಾತಿಯಲ್ಲಿ ಎಡವುವವರು ಕಡಿಮೆಯೇನಿಲ್ಲ.

ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ತಿಂಗಳುಗಳಾದವು. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ. ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಎಲ್ಲಿ ತಪ್ಪಿದೆ?
– ಬಿ.ಎ. ವಿದ್ಯಾರ್ಥಿ, ಚಿಂತಾಮಣಿ; ಇದೇ ಪ್ರಶ್ನೆ ಕೇಳಿದ ಇತರರು

ಮೊದಲು ಅರ್ಜಿ ಎಲ್ಲಿ ನಿಂತಿದೆ ನೋಡಿ. ನೀವು ಸಲ್ಲಿಸಿದ ಕೂಡಲೇ ಅದು ದೆಹಲಿಗೆ ಹೋಗುವುದಿಲ್ಲ, ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್‌ಗೆ ಹೋಗುತ್ತದೆ. ಅವರು ಪರಿಶೀಲಿಸಿ ಒಪ್ಪಿದರೆ ಮಾತ್ರ ಎರಡನೇ ಹಂತದ ಪರಿಶೀಲನೆಗೆ. ಅವರ ಕಡೆಯ ದಿನಾಂಕ ದಾಟಿದರೆ ನಿಮ್ಮ ಅರ್ಜಿ ಎಷ್ಟೇ ಚೊಕ್ಕವಾಗಿದ್ದರೂ ಅಲ್ಲೇ ಉಳಿಯುತ್ತದೆ. ಆದ್ದರಿಂದ ಅರ್ಜಿಯ ಪ್ರಿಂಟ್, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಹಿಡಿದು ಅದೇ ವಾರ ಕಚೇರಿಗೆ ಹೋಗಿ ಕೊಡಿ. ಪೋರ್ಟಲ್‌ನಲ್ಲಿ ‘ಡಿಫೆಕ್ಟಿವ್’ ಎಂದು ಕಂಡರೆ ತಿರಸ್ಕಾರ ಎಂದುಕೊಂಡು ಕೈಬಿಡಬೇಡಿ. ತಿದ್ದಿ ಮತ್ತೆ ಸಲ್ಲಿಸಿ ಎಂದು ಅದರ ಅರ್ಥ, ಅದಕ್ಕೂ ಗಡುವಿದೆ. ಕಾಲೇಜನ್ನು ಆರಿಸುವಾಗ ಹೆಸರು ನೋಡಿ ಆರಿಸಬೇಡಿ. ಒಂದೇ ಹೆಸರಿನ ಎರಡು ಕಾಲೇಜುಗಳಿದ್ದರೆ ಅರ್ಜಿ ಬೇರೆ ಊರಿನ ಕಚೇರಿಗೆ ಹೋಗಿ ಕೂರುತ್ತದೆ. ಕಾಲೇಜಿನ ಎಐಎಸ್‌ಎಚ್‌ಇ ಕೋಡ್ (ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಪ್ರತಿ ಕಾಲೇಜಿಗೂ ಇರುವ ಗುರುತಿನ ಸಂಖ್ಯೆ) ಕೇಳಿಕೊಂಡು ಅದರಿಂದಲೇ ಹುಡುಕಿ.

ಎರಡೂ ಹಂತ ದಾಟಿಯೂ ಹಣ ಬಾರದಿದ್ದರೆ ಬ್ಯಾಂಕಿನ ಕಡೆ ಬನ್ನಿ. ಕೌಂಟರಿನಲ್ಲಿ ‘ಲಿಂಕ್ ಆಗಿದೆ’ ಎಂದರೆ ಬಹಳ ಸಲ ಕೆವೈಸಿಗೆ ಆಧಾರ್ ಕೊಟ್ಟಿದ್ದೀರಿ ಎಂದಷ್ಟೇ. ಸರ್ಕಾರದ ಹಣ ಬರಲು ಅದು ಸಾಲದು. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಇಟ್ಟಿರುವ ಪಟ್ಟಿಯೇ ‘ಮ್ಯಾಪರ್’; ಅದರಲ್ಲಿ ನಿಮ್ಮ ಆಧಾರ್ ಸಂಖ್ಯೆ ಆ ಬ್ಯಾಂಕಿನ ಹೆಸರಿಗೆ ಜೋಡಣೆ, ಅಂದರೆ ಸೀಡ್, ಆಗಿರಬೇಕು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಸೀಡ್ ಆಗಿರುತ್ತದೆ, ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಅದೇ. ಅಂಚೆಯಣ್ಣ ಮನೆಗೆ ಬಂದು ಬೆರಳಚ್ಚು ಪಡೆದು ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರೆ ಹಣ ಆ ಖಾತೆಗೇ ಹೋಗಿರಲೂಬಹುದು. ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲಿ ಆಧಾರ್, ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರೂ ಸಕ್ರಿಯವಾಗಿದೆಯೇ ಎಂಬುದೂ ತಿಳಿಯುತ್ತದೆ. ಬೇರೆ ಬ್ಯಾಂಕ್ ಬೇಕಿದ್ದರೆ ಅಲ್ಲಿ ಡಿಬಿಟಿ (ಖಾತೆಗೆ ಸರ್ಕಾರದ ನೇರ ಹಣ ವರ್ಗಾವಣೆ) ಒಪ್ಪಿಗೆ ಪತ್ರ ಬರೆದುಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಇನ್ನೊಂದು ಮಾತು, ಹೈಸ್ಕೂಲಿನಲ್ಲಿ ತೆರೆದ ಮೈನರ್ ಖಾತೆಯೇ ಇದ್ದರೆ 18 ತುಂಬಿದ ಮೇಲೆ ಹೊಸ ಸಹಿ, ಕೆವೈಸಿ ಕೊಟ್ಟು ಬದಲಾಯಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ವ್ಯವಹಾರ ತಡೆಹಿಡಿಯುತ್ತಾರೆ.

ಹೆಸರಿನ ಗೊಂದಲ ನಮ್ಮಲ್ಲಿ ತುಸು ಹೆಚ್ಚೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಎರಡೂ ಇಲ್ಲ! ಆಧಾರ್ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಿಸಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಅವಸರದಲ್ಲಿ ಹಾಳು ಮಾಡಿಕೊಳ್ಳದೆ ಅಂಕಪಟ್ಟಿಯಲ್ಲಿ ಇರುವಂತೆಯೇ ಮಾಡಿಸಿ. ಇದು ಎನ್‌ಎಸ್‌ಪಿಯ 14 ಅಂಕೆಯ ಒಟಿಆರ್ (ಒಂದೇ ಸಲದ ನೋಂದಣಿ) ಸಂಖ್ಯೆ ಪಡೆಯುವ ಮೊದಲೇ ಮುಗಿಯಬೇಕಾದ ಕೆಲಸ.

ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ಜೊತೆಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ರಾಜ್ಯದ ಶುಲ್ಕ ಮರುಪಾವತಿಗೂ ಅರ್ಜಿ ಹಾಕಿದ್ದೇನೆ. ಎರಡೂ ಬಂದರೆ?
– ಬಿ.ಇ. ವಿದ್ಯಾರ್ಥಿ, ರಾಯಚೂರು

ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಈ ಕೇಂದ್ರ ಯೋಜನೆ ಪಡೆಯುವವರು ರಾಜ್ಯದ ವಿದ್ಯಾರ್ಥಿವೇತನವನ್ನಾಗಲಿ ಶುಲ್ಕ ಮರುಪಾವತಿಯನ್ನಾಗಲಿ ಪಡೆಯಬಾರದು ಎಂದು ನಿಯಮವೇ ಇದೆ. ಯಾವುದು ಲಾಭ ಎಂದು ಲೆಕ್ಕ ಹಾಕಿ: ಶುಲ್ಕ ದೊಡ್ಡದಿರುವ ಬಿ.ಇ.ಯಲ್ಲಿ ಮರುಪಾವತಿಯೇ ಹೆಚ್ಚಾಗುವುದುಂಟು. ಶುಲ್ಕ ಅತ್ಯಲ್ಪವಾದ ಸರ್ಕಾರಿ ಪದವಿ ಕಾಲೇಜಿನಲ್ಲಿ 12,000 ರೂಪಾಯಿಯೇ ಮೇಲು.

ಮಗಳಿಗೆ ಪಿಯುಸಿ ವಿಜ್ಞಾನದಲ್ಲಿ ಶೇ. 98. ಬಿ.ಎಸ್‌ಸಿ. ಸೇರಿದ್ದಾಳೆ. ಕೇಂದ್ರ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 80,000 ಸಿಗುತ್ತದಂತೆ, ನಿಜವೇ?
– ಪೋಷಕರು, ಪುತ್ತೂರು

ನಿಜ, ಆದರೆ ಅದರೊಳಗೆ ಎರಡು ಭಾಗ. ತಿಂಗಳಿಗೆ 5,000ದಂತೆ 60,000 ವಿದ್ಯಾರ್ಥಿವೇತನ. ಉಳಿದ 20,000 ಬೇಸಿಗೆ ಸಂಶೋಧನಾ ಪ್ರಾಜೆಕ್ಟಿಗೆ. ಮಂಡಳಿಯಲ್ಲಿ ಮೇಲಿನ ಶೇ. 1ರೊಳಗೆ ಇರಬೇಕು, ವಯಸ್ಸು 17ರಿಂದ 22, ಓದುತ್ತಿರುವುದು ಭೌತ, ರಸಾಯನ, ಗಣಿತ, ಜೀವವಿಜ್ಞಾನದಂಥ ಮೂಲವಿಜ್ಞಾನವಾಗಿರಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ನರ್ಸಿಂಗ್‌ಗೆ ಇಲ್ಲ. ತಿಂಗಳ ಲೆಕ್ಕ ಎಂದ ಮಾತ್ರಕ್ಕೆ ತಿಂಗಳು ತಿಂಗಳು ಬರುವುದಿಲ್ಲ, ಒಟ್ಟಿಗೆ ಗಂಟಾಗಿ ಬರುತ್ತದೆ, ಅದೂ ತಡವಾಗಿ. ಹಾಸ್ಟೆಲ್ ಶುಲ್ಕವನ್ನು ಇದರ ಮೇಲೆ ನೆಚ್ಚಿಕೊಳ್ಳಬೇಡಿ.

ಪ್ರಾಜೆಕ್ಟಿನ ವಿಷಯದಲ್ಲಿ ಹುಡುಗರು ಎಡವುವುದು ತಡಮಾಡಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿಕೊಂಡು ಮಾರ್ಗದರ್ಶಕರನ್ನು ಹುಡುಕಹೊರಟರೆ ಯಾರೂ ಸಿಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಹಾಕಬೇಕಾಗುತ್ತದೆ. ನೇರವಾಗಿ ಪ್ರಾಧ್ಯಾಪಕರಿಗೆ ಬರೆಯುವುದಾದರೆ ಜನವರಿಯಲ್ಲಿ ಬರೆಯಿರಿ. ಅವರ ಇತ್ತೀಚಿನ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಬೇಕಾದದ್ದೇನು ಎಂದು ನಾಲ್ಕು ಸಾಲು. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಅವರಿಗೆ ಗೊತ್ತಾಗುತ್ತದೆ. ಸಂಶೋಧನೆ ನಡೆಸುತ್ತಿರುವ ನಿಮ್ಮದೇ ಕಾಲೇಜಿನ ಮೇಷ್ಟರೂ ಆದೀತು. ಕೊನೆಯ ದಿನ ಹೊರಡುವ ಮೊದಲೇ ಮಾರ್ಗದರ್ಶಕರ ಸಹಿ, ಸೀಲು ಇರುವ ಪ್ರಮಾಣಪತ್ರ ಪಡೆದುಕೊಳ್ಳಿ. ಆಮೇಲೆ ಅಂಚೆಯಲ್ಲಿ ತರಿಸಿಕೊಳ್ಳುವುದು ದೊಡ್ಡ ತಲೆನೋವು.

ಮಗ 2023ರಲ್ಲಿ ಪದವಿಗೆ ಸೇರಿದ. ಮೂರು ವರ್ಷಕ್ಕೆ ಮುಗಿಸಬೇಕೋ, ನಾಲ್ಕನೇ ಆನರ್ಸ್ ವರ್ಷ ಓದಿಸಬೇಕೋ?
– ಪೋಷಕರು, ಹಾಸನ

2024-25ರಿಂದ ಸೇರಿದವರಿಗೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ನಿಮ್ಮ ಮಗ ಅದಕ್ಕೂ ಹಿಂದಿನ, ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮದವನಾದ್ದರಿಂದ ಈ ಪ್ರಶ್ನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಇದ್ದರೆ ‘ಸಂಶೋಧನೆಯೊಂದಿಗೆ ಆನರ್ಸ್’ ತೆಗೆದುಕೊಳ್ಳಬಹುದು. ಅದರಲ್ಲಿ 12 ಕ್ರೆಡಿಟ್ ಪ್ರಾಜೆಕ್ಟಿಗೆ. ಬರಿಯ ಆನರ್ಸ್‌ನವರು ಅದರ ಬದಲು ಹೆಚ್ಚುವರಿ ವಿಷಯಗಳನ್ನು ಓದುತ್ತಾರೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ನೇರವಾಗಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು, ಪಿಎಚ್.ಡಿ. ಪ್ರವೇಶಕ್ಕೂ ಅರ್ಹರು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ.

ಸಂಶೋಧನೆಯ ಆಸೆಯಿದ್ದು, ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಿಸಬಲ್ಲ ಅಧ್ಯಾಪಕರೂ ಇದ್ದರೆ ಓದಿಸಿ. ಕೆಎಎಸ್, ಬ್ಯಾಂಕ್ ಪರೀಕ್ಷೆ, ಬಿ.ಎಡ್. ಮನಸ್ಸಿನಲ್ಲಿದ್ದರೆ ಮೂರು ವರ್ಷದ ಪದವಿ ಸಾಕು, ಸುಮ್ಮನೆ ಒಂದು ವರ್ಷ ಕಳೆಯುವುದು ಬೇಡ. ಎಂ.ಎ., ಎಂ.ಎಸ್‌ಸಿ. ಗುರಿಯಾದರೆ ಒಂದು ವಿಚಾರಣೆ ಮೊದಲೇ ಮಾಡಿ: ಆನರ್ಸ್ ಮುಗಿಸಿದವರಿಗೆ ಅವನಿಗೆ ಬೇಕಾದ ವಿಷಯದಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಯನ್ನು ಆ ವಿಶ್ವವಿದ್ಯಾಲಯ ನಿಜಕ್ಕೂ ನಡೆಸುತ್ತಿದೆಯೇ? ಇಲ್ಲದಿದ್ದರೆ ನಾಲ್ಕರ ಮೇಲೆ ಮತ್ತೆರಡು ವರ್ಷ ಓದಬೇಕಾಗುತ್ತದೆ. ಅಧಿಸೂಚನೆಯ ಪ್ರತಿ ಕೈಗೆ ಬಂದ ಮೇಲೆಯೇ ನಾಲ್ಕನೇ ವರ್ಷದ ಶುಲ್ಕ ಕಟ್ಟಿ.