ಸ್ಪೀಡ್ ಟೆಸ್ಟಲ್ಲಿ 100 ಎಂಬಿಪಿಎಸ್ ಬರುತ್ತೆ, ಟೊರೆಂಟ್ ಮಾತ್ರ ತೆವಳುತ್ತೆ. ಐಎಸ್‌ಪಿಯವ್ರು ಬೇಕಂತಲೇ ಸ್ಪೀಡ್ ಇಳಿಸ್ತಾರಾ?

ಸ್ಪೀಡ್ ಟೆಸ್ಟ್ ಚೆನ್ನಾಗಿದೆ, ಯೂಟ್ಯೂಬ್ ಚೆನ್ನಾಗಿದೆ, ಉಬುಂಟು ಐಎಸ್‌ಒನ (ಆ ಆಪರೇಟಿಂಗ್ ಸಿಸ್ಟಮ್‌ನ ಇನ್‌ಸ್ಟಾಲ್ ಫೈಲು) ಟೊರೆಂಟಲ್ಲಿ, ಅಂದ್ರೆ ಒಂದೇ ಸರ್ವರ್ ಬದಲು ಬೇರೆ ಬಳಕೆದಾರರ ಕಂಪ್ಯೂಟರುಗಳಿಂದ ತುಂಡು ತುಂಡಾಗಿ ತರೋ ದಾರೀಲಿ, ಹಾಕಿದ್ರೆ ಮಾತ್ರ ರಾತ್ರಿಯೆಲ್ಲಾ ಕೂತ್ರೂ ಮುಗಿಯಲ್ಲ, ಇದು ಇಂಟರ್ನೆಟ್ ಕೊಡೋ ಕಂಪನಿಯವ್ರ (ಐಎಸ್‌ಪಿ) ಕೈವಾಡ ತಾನೇ ಅಂತ ಕೇಳಿದೀರ. ಹಾಗೆ ಮಾಡೋಕಾಗುತ್ತೆ, ಮಾಡಿ ಸಿಕ್ಕಿಬಿದ್ದವ್ರೂ ಇದಾರೆ. ಆದ್ರೆ ನಿಮ್ಮ ಮನೇಲಿ ಆಗ್ತಿರೋದು ಅದೇನಾ ಅನ್ನೋದ್ರಲ್ಲಿ ನನಗೆ ಅನುಮಾನ ಇದೆ, ಯಾಕೆ ಅಂತ ಹೇಳ್ತೀನಿ.

ಮೊದ್ಲು ಸಿಕ್ಕಿಬಿದ್ದವರ ಕಥೆ. ಅಮೆರಿಕಾದಲ್ಲಿ ಕಾಮ್‌ಕಾಸ್ಟ್ ಅಂತ ದೊಡ್ಡ ಕೇಬಲ್ ಕಂಪನಿ. 2007ರಲ್ಲಿ ಒರೆಗಾನ್‌ನಲ್ಲಿದ್ದ ರಾಬ್ ಟೊಪೊಲ್ಸ್ಕಿ ಅನ್ನೋ ನೆಟ್‌ವರ್ಕ್ ಗೊತ್ತಿದ್ದ ಮನುಷ್ಯನಿಗೆ ಬಾರ್ಬರ್‌ಶಾಪ್ ಕ್ವಾರ್ಟೆಟ್ ಹಾಡುಗಳ ಹುಚ್ಚು, ಅಂದ್ರೆ ನಾಲ್ಕು ಜನ ವಾದ್ಯ ಇಲ್ದೆ ಹಾಡೋ ಹಳೇ ಕಾಲದ ಹಾಡುಗಳು, ಅವನ್ನ ಟೊರೆಂಟ್ ಥರದ ಆ್ಯಪಲ್ಲಿ ಬೇರೆಯವ್ರ ಜೊತೆ ಹಂಚ್ಕೊಳ್ಳೋಕೆ ಹೋದ್ರೆ ಅಪ್‌ಲೋಡೇ ಆಗ್ತಿರ್ಲಿಲ್ಲ. ಈತ ಕಸ್ಟಮರ್ ಕೇರ್ ಜೊತೆ ಜಗಳ ಆಡ್ತಾ ಕೂರ್ಲಿಲ್ಲ, ತನ್ನ ಕಂಪ್ಯೂಟರಿಗೆ ಬರ್ತಿದ್ದ ಪ್ಯಾಕೆಟ್ಟುಗಳನ್ನೇ (ಡೇಟಾದ ಸಣ್ಣ ತುಂಡುಗಳು) ಹಿಡಿದು ನೋಡಿದ. ಆ ಕಡೆಯವ್ರು ಕನೆಕ್ಷನ್ ಮುಗಿಸ್ತಾ ಇದೀವಿ ಅಂತ ಹೇಳೋ ಆರ್‌ಎಸ್‌ಟಿ ಪ್ಯಾಕೆಟ್ಟುಗಳು ಬರ್ತಿದ್ವು, ಆದ್ರೆ ಅವನ್ನ ಆ ಕಡೆಯವ್ರು ಕಳಿಸೇ ಇರ್ಲಿಲ್ಲ, ಕಳಿಸ್ತಿದ್ದಿದ್ದು ಮಧ್ಯದಲ್ಲಿದ್ದ ಕಂಪನಿಯ ಪೆಟ್ಟಿಗೆ. ಪೋಸ್ಟ್‌ಮ್ಯಾನ್ ಕಾಗದ ತಡವಾಗಿ ಕೊಟ್ರೆ ಅದು ಒಂದು, ನಿಮ್ಮ ಮಾವನ ಕೈಬರಹದಲ್ಲೇ "ಇನ್ಮೇಲೆ ಕಾಗದ ಬರೀಬೇಡ" ಅಂತ ಬರ್ದು ನಿಮ್ಮನೆ ಡಬ್ಬಿಗೆ ಹಾಕಿದ್ರೆ? ಇವ್ರು ಮಾಡಿದ್ದು ಆ ಎರಡನೇದು.

ಕಂಪನಿ ಮೊದ್ಲು ನಾವು ಯಾವುದನ್ನೂ ಬ್ಲಾಕ್ ಮಾಡ್ತಿಲ್ಲ ಅಂತು. ಅಕ್ಟೋಬರಲ್ಲಿ ಸುದ್ದಿ ಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವ್ರು ತಾವೇ ಪರೀಕ್ಷೆ ಮಾಡಿದ್ರು, ಅದಕ್ಕೆ ಅವ್ರು ತಗೊಂಡಿದ್ದು ಕಿಂಗ್ ಜೇಮ್ಸ್ ಬೈಬಲ್, ಪೈರಸಿ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ ನೋಡಿ. ಇಂಟರ್ನೆಟ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವ್ರೂ ಎರಡೂ ತುದೀಲಿ ಪ್ಯಾಕೆಟ್ ಹಿಡಿದು (ಕ್ಯಾಪ್ಚರ್ ಮಾಡಿ) ತೋರಿಸಿದ್ಮೇಲೆ ಕಂಪನಿಯ ಮಾತು "ಬ್ಲಾಕ್ ಅಲ್ಲ, ಸ್ವಲ್ಪ ತಡ ಮಾಡ್ತೀವಿ ಅಷ್ಟೇ" ಅಂತ ಬದಲಾಯ್ತು. ಕಂಪನಿಯವ್ರ ಕಾರಣ ಪೂರ್ತಿ ಅನ್ಯಾಯದ್ದೂ ಅಲ್ಲ, ಕೇಬಲ್ ನೆಟ್‌ವರ್ಕಲ್ಲಿ ಅಪ್‌ಲೋಡ್ ದಾರಿ ಬಹಳ ಕಿರಿದು, ಅಕ್ಕಪಕ್ಕದ ಮನೆಯವ್ರೆಲ್ಲಾ ಅದನ್ನೇ ಹಂಚ್ಕೋಬೇಕು, ನಾಲ್ಕು ಜನ ರಾತ್ರಿ ಹಗಲು ಸೀಡ್ ಮಾಡ್ತಾ (ಬೇರೆಯವ್ರಿಗೆ ಅಪ್‌ಲೋಡ್ ಮಾಡ್ತಾ) ಕೂತ್ರೆ ಉಳಿದವ್ರಿಗೆ ತೊಂದ್ರೆನೇ. ಆದ್ರೆ ಆ ತೊಂದ್ರೆ ಬಗೆಹರಿಸೋಕೆ ಸುಳ್ಳು ಪ್ಯಾಕೆಟ್ ಬೇಕಾಗಿರ್ಲಿಲ್ಲ. ಆಮೇಲೆ ಅವ್ರೇ, ಯಾವ ಆ್ಯಪ್ ಅಂತ ನೋಡದೆ, ಟ್ರಾಫಿಕ್ ಜಾಮ್ ಆದಾಗ ಯಾರು ಜಾಸ್ತಿ ಎಳೀತಿದಾರೋ ಅವ್ರನ್ನ ಸ್ವಲ್ಪ ಹೊತ್ತು ಹಿಂದಿನ ಸಾಲಿಗೆ ಹಾಕೋ ಪದ್ಧತಿಗೆ ಬಂದ್ರು, ಅದು ಆರ್‌ಎಫ್‌ಸಿ 6057 ಅಂತ ದಾಖಲೆಯಾಗಿ ಇವತ್ತೂ ಓದೋಕೆ ಸಿಗುತ್ತೆ.

2008ರ ಆಗಸ್ಟಲ್ಲಿ ಅಲ್ಲಿನ ಎಫ್‌ಸಿಸಿ (ಟೆಲಿಕಾಂ ನಿಯಂತ್ರಣ ಸಂಸ್ಥೆ) 3-2 ವೋಟಲ್ಲಿ ನಿಲ್ಲಿಸಿ ಅಂತ ಆದೇಶ ಮಾಡ್ತು. ಅದಕ್ಕೂ ಮುಂಚೆ ಹಾರ್ವರ್ಡ್‌ನಲ್ಲಿ ನಡೆದ ವಿಚಾರಣೆಗೆ ಸೀಟು ಹಿಡಿದು ಕೂರೋಕೆ ಕಂಪನಿ ದುಡ್ಡು ಕೊಟ್ಟು ಜನ ಕಳಿಸಿತ್ತು, ನಮ್ಮೂರ ರಾಜಕೀಯದವ್ರಿಗೆ ಮಾತ್ರ ಬರೋ ವಿದ್ಯೆ ಅನ್ಕೊಂಡಿದ್ದೆ. 2010ರ ಏಪ್ರಿಲಲ್ಲಿ ಕೋರ್ಟು, ಎಫ್‌ಸಿಸಿಗೆ ಆ ಅಧಿಕಾರಾನೇ ಇಲ್ಲ ಅಂತ ಆದೇಶ ರದ್ದು ಮಾಡ್ತು. ಗ್ರಾಹಕರು ಹಾಕಿದ್ದ ಕೇಸು 1.6 ಕೋಟಿ ಡಾಲರಿಗೆ ರಾಜಿ ಆಗಿ ಒಬ್ಬೊಬ್ಬರಿಗೆ ಹೆಚ್ಚಂದ್ರೆ 16 ಡಾಲರ್.

ಈಗ ನಿಮ್ಮ ವಿಷಯ. ನೀವು ಬರ್ದಿರೋ ಲಕ್ಷಣ ನೋಡಿದ್ರೆ ನನ್ನ ಮೊದಲ ಅನುಮಾನ ಥ್ರಾಟ್ಲಿಂಗ್ (ಬೇಕಂತಲೇ ಸ್ಪೀಡ್ ಇಳಿಸೋದು) ಮೇಲಲ್ಲ, ಸಿಜಿನ್ಯಾಟ್ ಮೇಲೆ. ಐಪಿವಿ4 ಅಡ್ರೆಸ್ಸುಗಳು (ಇಂಟರ್ನೆಟ್ಟಲ್ಲಿ ಕನೆಕ್ಷನ್‌ಗೆ ಇರೋ ವಿಳಾಸ) ಸಾಲ್ತಿಲ್ಲ, ಅದಕ್ಕೆ ನಮ್ಮ ಕಡೆ ಬಹಳಷ್ಟು ಬ್ರಾಡ್‌ಬ್ಯಾಂಡ್‌ನವ್ರು ನೂರಾರು ಮನೆಗಳನ್ನ ಒಂದೇ ಪಬ್ಲಿಕ್ ಐಪಿ ಹಿಂದೆ ಕೂರಿಸ್ತಾರೆ, ಇದಕ್ಕೇ ಸಿಜಿನ್ಯಾಟ್ ಅನ್ನೋದು. ವೆಬ್‌ಸೈಟ್ ನೋಡೋಕೆ ಇದ್ರಿಂದ ಏನೂ ಗೊತ್ತಾಗಲ್ಲ, ಯಾಕಂದ್ರೆ ಅಲ್ಲಿ ಕರೆಯೋದು ಯಾವಾಗ್ಲೂ ನೀವೇ. ಟೊರೆಂಟಲ್ಲಿ ಬೇರೆ ಪೀರ್‌ಗಳೂ (ಫೈಲು ಹಂಚೋ ಬೇರೆ ಕಂಪ್ಯೂಟರುಗಳು) ನಿಮ್ಮನ್ನ ಕರೀಬೇಕು, ಆ ಕರೆ ನಿಮ್ಮನೆ ತನಕ ಬರೋದೇ ಇಲ್ಲ. ಆ ಕಡೆಯವ್ರೂ ಇದೇ ಥರ ಒಳಗೆ ಕೂತಿದ್ರೆ ಬಹಳ ಸಲ ಒಬ್ಬರಿಗೊಬ್ಬರು ಸಿಗೋದೇ ಇಲ್ಲ. ನೋಡೋದು ಸುಲಭ, ರೂಟರ್ ಪೇಜಲ್ಲಿ ವ್ಯಾನ್ ಐಪಿ ಅಂತ ಇರುತ್ತಲ್ಲ (ಕಂಪನಿ ನಿಮ್ಮ ರೂಟರಿಗೆ ಕೊಟ್ಟ ಅಡ್ರೆಸ್), ಅದು "10." ಅಂತ, ಅಂದ್ರೆ ಹತ್ತು ಆದ್ಮೇಲೆ ಚುಕ್ಕಿ ಬಂದು, ಶುರುವಾಗ್ತಿದ್ರೆ ಅಥವಾ 100.64ರಿಂದ 100.127ರ ಒಳಗಿದ್ರೆ ನೀವು ಸಿಜಿನ್ಯಾಟ್ ಒಳಗಿದೀರ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೇನ ರೂಟರ್ ದಾಟಿಸಿ ನಿಮ್ಮ ಕಂಪ್ಯೂಟರಿಗೆ ಕಳಿಸೋ ಸೆಟ್ಟಿಂಗ್) ಎಷ್ಟು ಮಾಡಿದ್ರೂ ಪ್ರಯೋಜನ ಇಲ್ಲ. ಪಬ್ಲಿಕ್ ಐಪಿ ಕೊಡಿ ಅಂತ ಕೇಳಿ, ಕೆಲವ್ರು ಹಾಗೇ ಕೊಡ್ತಾರೆ, ಕೆಲವ್ರು ತಿಂಗಳಿಗೆ ಇಷ್ಟು ಅಂತ ಕೀಳ್ತಾರೆ. ಐಪಿವಿ6 (ಹೊಸ ಥರದ ಅಡ್ರೆಸ್, ಇದಕ್ಕೆ ಕೊರತೆ ಇಲ್ಲ) ಇದ್ರೆ ರೂಟರಲ್ಲೂ ಟೊರೆಂಟ್ ಕ್ಲೈಂಟಲ್ಲೂ (ಟೊರೆಂಟ್ ಆ್ಯಪ್) ಆನ್ ಮಾಡಿ, ಅರ್ಧ ಕಷ್ಟ ಅಲ್ಲೇ ಹೋಗಬಹುದು.

ಇನ್ನು ಸಣ್ಣಪುಟ್ಟದ್ದು. ಸ್ಪೀಡ್ ಟೆಸ್ಟ್ ತೋರಿಸೋದು ಮೆಗಾಬಿಟ್, ಟೊರೆಂಟ್ ಕ್ಲೈಂಟ್ ತೋರಿಸೋದು ಸಾಮಾನ್ಯವಾಗಿ ಮೆಗಾಬೈಟ್, 8 ಬಿಟ್ ಸೇರಿದ್ರೆ ಒಂದು ಬೈಟ್, 100 ಎಂಬಿಪಿಎಸ್ ಅಂದ್ರೆ ಅಲ್ಲಿ 12.5 ಬಂದ್ರೆ ಪೂರ್ತಿ ಬಂದ ಹಾಗೆ. ಅಪ್‌ಲೋಡ್ ಲಿಮಿಟ್ ಹಾಕದೆ ಬಿಟ್ರೆ ಡೌನ್‌ಲೋಡೂ ಕಟ್ಟಿಕೊಳ್ಳುತ್ತೆ, ನಿಮ್ಮ ಅಪ್‌ಲೋಡಲ್ಲಿ ಒಂದು 80 ಪರ್ಸೆಂಟ್‌ಗೆ ಕಟ್ಟಿ. ಕಂಪನಿಯವ್ರು ಕೊಟ್ಟ ಅಗ್ಗದ ರೂಟರ್ ಆದ್ರೆ ಕನೆಕ್ಷನ್ ಸಂಖ್ಯೆನೂ ಇಳಿಸಿ, ಅದಕ್ಕೆ ಅಷ್ಟೊಂದು ತಡ್ಕೊಳ್ಳೋ ಶಕ್ತಿ ಇರಲ್ಲ. ಎಫ್‌ಯುಪಿ (ಪ್ಲ್ಯಾನ್‌ನ ಹೈಸ್ಪೀಡ್ ಡೇಟಾ ಮಿತಿ) ಮುಗಿದಿದ್ಯಾ ಅಂತ್ಲೂ ನೋಡಿ, ಆದ್ರೆ ಅದು ಮುಗಿದಿದ್ರೆ ಸ್ಪೀಡ್ ಟೆಸ್ಟೂ ಬಿದ್ದಿರ್ಬೇಕಿತ್ತು.

ಇಷ್ಟೆಲ್ಲಾ ಆದ್ಮೇಲೂ ಹಾಗೇ ಇದ್ರೆ ಅದೇ ಐಎಸ್‌ಒನ ಬ್ರೌಸರಲ್ಲಿ ಒಂದ್ಸಲ, ಟೊರೆಂಟಲ್ಲಿ ಒಂದ್ಸಲ, ವಿಪಿಎನ್ (ನಿಮ್ಮ ಟ್ರಾಫಿಕ್ಕನ್ನ ಮುಚ್ಚಿ ಬೇರೆ ಸರ್ವರ್ ಮೂಲಕ ಕಳಿಸೋದು) ಹಾಕ್ಕೊಂಡು ಟೊರೆಂಟಲ್ಲಿ ಒಂದ್ಸಲ ಇಳಿಸಿ ನೋಡಿ, ಹಗಲು ಮತ್ತೆ ರಾತ್ರಿ ಎರಡೂ ಹೊತ್ತು. ವಿಪಿಎನ್‌ನಲ್ಲಿ ಜೋರಾಗಿ ಬಂತು ಅಂದ ತಕ್ಷಣ ಕಳ್ಳ ಸಿಕ್ಕಿದ ಅಂತಲ್ಲ, ವಿಪಿಎನ್‌ನಿಂದ ದಾರಿನೂ ಬದಲಾಗುತ್ತೆ, ಕೆಲವು ವಿಪಿಎನ್‌ಗಳು ಪೋರ್ಟೂ ತೆಗೆದು ಕೊಡ್ತವೆ. ಗಟ್ಟಿ ಸಾಕ್ಷಿ ಬೇಕಂದ್ರೆ ಬೇರೆ ಊರಲ್ಲಿರೋ ಸ್ನೇಹಿತರ ಜೊತೆ ಎರಡೂ ಕಡೆ ಪ್ಯಾಕೆಟ್ ಹಿಡಿದು ತೋರಿಸೋ ವೈರ್‌ಶಾರ್ಕ್ ಹಾಕಿ, ಒಬ್ಬರೂ ಕಳಿಸದ ಆರ್‌ಎಸ್‌ಟಿ ಇಬ್ಬರಿಗೂ ಬಂದಿದ್ರೆ ಮಧ್ಯದಲ್ಲಿ ಯಾರೋ ಕೈ ಆಡಿಸ್ತಿದಾರೆ ಅಂತ. ಬರೀ ನಿಧಾನ ಮಾಡ್ತಿದ್ರೆ ಇದ್ರಲ್ಲಿ ಕಾಣಲ್ಲ, ಅದಕ್ಕೆ ಮೇಲಿನ ಹೋಲಿಕೆನೇ ಗತಿ.

ನಮ್ಮ ದೇಶದಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2017ರಲ್ಲಿ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಲ್ಲಿ ಎಲ್ಲಾನೂ ಒಂದೇ ಥರ ಸಾಗಿಸ್ಬೇಕು ಅನ್ನೋ ತತ್ವ) ಶಿಫಾರಸು ಮಾಡಿ 2018ರಲ್ಲಿ ಸರ್ಕಾರ ಒಪ್ಪಿದೆ, ಕಂಟೆಂಟ್ ನೋಡಿ ಸ್ಪೀಡ್ ಇಳಿಸೋ ಹಾಗಿಲ್ಲ, ಆದ್ರೆ ಸಮಂಜಸವಾದ ಟ್ರಾಫಿಕ್ ಮ್ಯಾನೇಜ್‌ಮೆಂಟ್‌ಗೆ ವಿನಾಯಿತಿ ಇದೆ, ಕಂಪನಿಯವ್ರು ಮೊದ್ಲು ಹಿಡ್ಕೊಳ್ಳೋದು ಅದನ್ನೇ. ಟೊರೆಂಟ್ ಸೈಟೇ ಓಪನ್ ಆಗ್ತಿಲ್ಲ ಅಂದ್ರೆ ಅದು ಹೆಚ್ಚಾಗಿ ಕೋರ್ಟ್ ಆದೇಶದ ಬ್ಲಾಕು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಂಪ್ಲೇಂಟ್ ಕೊಡೋದಾದ್ರೆ "ಟೊರೆಂಟ್ ಸ್ಲೋ" ಅಂತ ಬರೀಬೇಡಿ, ಟೊರೆಂಟ್ ಅನ್ನೋ ಮಾತು ಕೇಳಿದ್ರೆನೇ ಕಸ್ಟಮರ್ ಕೇರ್‌ನವ್ರು ಪೈರಸಿ ಅಂತ ಫೋನ್ ಇಡೋ ಮೂಡಿಗೆ ಬರ್ತಾರೆ, ಯಾವ ಫೈಲು, ಎಷ್ಟು ಗಂಟೆಗೆ, ಬ್ರೌಸರಲ್ಲಿ ಎಷ್ಟು ಬಂತು, ಪೀರ್ ಟು ಪೀರ್‌ನಲ್ಲಿ ಎಷ್ಟು ಬಂತು ಅಂತ ಇಮೇಲಲ್ಲೇ ಕಳಿಸಿ.

ಮೊದ್ಲು ಆ ವ್ಯಾನ್ ಐಪಿ ನೋಡಿ ಎರಡನೇ ಚುಕ್ಕಿ ತನಕದ ಮೊದಲೆರಡು ಸಂಖ್ಯೆ ಮಾತ್ರ (100.64 ಥರ) ಕೆಳಗೆ ಹಾಕಿ, ಪೂರ್ತಿ ಹಾಕಬೇಡಿ. ಕ್ಯಾಪ್ಚರ್ ಮಾಡಿದ್ರೆ ಟಿಟಿಎಲ್ (ದಾರೀಲಿ ಒಂದೊಂದು ರೂಟರ್ ದಾಟಿದಾಗ್ಲೂ ಒಂದೊಂದು ಇಳಿಯೋ ಸಂಖ್ಯೆ) ಕಾಲಮ್ಮೂ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ, ಸುಳ್ಳು ಪ್ಯಾಕೆಟ್ ಆಗಿದ್ರೆ ಬಹಳ ಸಲ ಆ ನಂಬರಲ್ಲೇ ವ್ಯತ್ಯಾಸ ಕಾಣುತ್ತೆ.